ಟಿವಿ ಗೇಮಿಗೆ ಸಿ ಭಾಷೆ: ಸಿಸಿ65 ಎಷ್ಟು ಕೆಲಸಕ್ಕೆ ಬರುತ್ತದೆ?

ಮಂಜೇಶ್ವರದಿಂದ ಹೊಸದುರ್ಗದವರೆಗೆ ಹಳೆಯ ಮನೆಗಳ ಅಟ್ಟದಲ್ಲಿ ಸಿಗುವ ಟಿವಿ ಗೇಮುಗಳಲ್ಲಿ ಕೆಲವು ಗಲ್ಫಿನ ಪೆಟ್ಟಿಗೆಯಲ್ಲಿ ಬಂದವು, ಕೆಲವು ಜಾತ್ರೆಯ ಅಂಗಡಿಯಲ್ಲಿ ಕೊಂಡವು. ಮೇಲಿನ ಹೆಸರು ಏನೇ ಇರಲಿ, ಒಳಗಿನ ಯಂತ್ರ ಸಾಮಾನ್ಯವಾಗಿ ಒಂದೇ: 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಮಾರಾಟಕ್ಕೆ ತಂದ ಫ್ಯಾಮಿಕಾಮ್‌ನ ನಕಲು. 6502 ಜಾತಿಯ ಪ್ರೊಸೆಸರ್, 2 ಕೆಬಿ ರ್‍ಯಾಮ್, 256 ಅಡ್ಡ 240 ಚುಕ್ಕೆಗಳ ಪರದೆ. ಈ ಡಬ್ಬಿಗೆ ಅಸೆಂಬ್ಲಿ (ಪ್ರೊಸೆಸರಿನ ಆದೇಶಗಳನ್ನೇ ಒಂದೊಂದಾಗಿ ಬರೆಯುವ ಭಾಷೆ) ಕಲಿಯದೆ ಸಿ ಭಾಷೆಯಲ್ಲೇ ಆಟ ಬರೆಯಲು ಬಳಕೆಯಲ್ಲಿರುವ ಮುಖ್ಯ ಸಾಧನ ಸಿಸಿ65. ಇದು ಉಚಿತ, ಮುಕ್ತ ತಂತ್ರಾಂಶ. ಆರಂಭದಲ್ಲಿ ಅಟಾರಿ 8 ಬಿಟ್ ಕಂಪ್ಯೂಟರಿಗಾಗಿ ಹುಟ್ಟಿ, ಉಲ್ರಿಚ್ ಫಾನ್ ಬಾಸೆವಿಟ್ಸ್ ಅವರ ಕೈಯಲ್ಲಿ ವರ್ಷಗಟ್ಟಲೆ ಬೆಳೆದು, ಈಗ ಸ್ವಯಂಸೇವಕರು ನಡೆಸುತ್ತಿರುವ ಕಂಪೈಲರ್, ಅಂದರೆ ಸಿ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸುವ ತಂತ್ರಾಂಶ.

ಮೊದಲೇ ಹೇಳಿಬಿಡುವುದಾದರೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಆದರೆ ಲ್ಯಾಪ್‌ಟಾಪಿಗೆ ಬರೆಯುವ ಸಿ ಇಲ್ಲಿ ನಡೆಯುವುದಿಲ್ಲ. 6502ಗೆ ಯಾವುದು ಸುಲಭ, ಯಾವುದು ಕಷ್ಟ ಎಂದು ತಿಳಿದು ಬರೆದರೆ ಮಾತ್ರ ಆಟ ಸೆಕೆಂಡಿಗೆ 50 ಚಿತ್ರದ ವೇಗದಲ್ಲಿ ಓಡುತ್ತದೆ.

ಕಾಸರಗೋಡಿನವರಿಗೆ ಅಳವಡಿಕೆ ವಿಶೇಷವಾಗಿ ಸುಲಭ. ಕೇರಳದ ಶಾಲೆಗಳಲ್ಲಿ ಬಳಸುವ ಕೈಟ್ ಗ್ನು/ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಉಬುಂಟುವಿನ ಮೇಲೆ ಕಟ್ಟಿದ್ದು. ಸಿಸಿ65 ಉಬುಂಟುವಿನ ಭಂಡಾರದಲ್ಲೇ ಇದೆ, ಟರ್ಮಿನಲ್ಲಿನಲ್ಲಿ ಒಂದು ಸಾಲು ಕೊಟ್ಟರೆ ಬಂದು ಕೂರುತ್ತದೆ. ಗಾತ್ರ ಕಡಿಮೆಯಾದ್ದರಿಂದ ಮೊಬೈಲ್ ಡೇಟಾದಲ್ಲೂ ಇಳಿಸಬಹುದು, ಹಳೆಯ ಶಾಲಾ ಲ್ಯಾಪ್‌ಟಾಪಿನಲ್ಲೂ ಕಂಪೈಲ್ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಲ್ಯಾಪ್‌ಟಾಪಿನಲ್ಲೇ ಡಬ್ಬಿಯ ನಟನೆ ಮಾಡುವ ಎಫ್‌ಸಿಇಯುಎಕ್ಸ್ ಎಮ್ಯುಲೇಟರ್ ಕೂಡ ಅದೇ ಭಂಡಾರದಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಸ್ಕ್ರ್ಯಾಚ್, ಪೈಥಾನ್ ಮುಟ್ಟಿರುವ ಹೈಸ್ಕೂಲು ಮಕ್ಕಳಿಗೆ ಮುಂದಿನ ಮೆಟ್ಟಿಲಾಗಿ ಇದನ್ನು ಧೈರ್ಯವಾಗಿ ಕೊಡಬಹುದು. ವೇರಿಯಬಲ್ ಎಂದರೆ ಯಾವ ವಿಳಾಸದ ಯಾವ ಬೈಟು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಪೈಥಾನಿನಲ್ಲಿ ಅದು ಕಾಣುವುದಿಲ್ಲ.

ಮೊದಲ ಪ್ರೋಗ್ರಾಮಿಗೆ ಸಿಎಲ್65 ಎಂಬ ಒಂದೇ ಆದೇಶ ಸಾಕು. ಗುರಿ ಯಂತ್ರ ಎನ್‌ಇಎಸ್ (ಫ್ಯಾಮಿಕಾಮ್‌ಗೆ ಅಮೆರಿಕ, ಯುರೋಪಿನಲ್ಲಿದ್ದ ಹೆಸರು) ಎಂದು ಹೇಳಿ, ಸಿ ಕಡತದ ಹೆಸರು ಕೊಟ್ಟರೆ ಕಂಪೈಲರ್, ಅಸೆಂಬ್ಲರ್, ಲಿಂಕರ್ ಮೂರನ್ನೂ ಅದೇ ಕರೆದು ರಾಮ್ ಕಡತ (ಕ್ಯಾಸೆಟ್ಟಿನ ಓದಲು ಮಾತ್ರ ಬರುವ ಮೆಮೊರಿಯಲ್ಲಿ ಕೂರುವ ಆಟ) ಕೊಡುತ್ತದೆ. ಜೊತೆಗೆ ಬರುವ ಕೋನಿಯೊ ಲೈಬ್ರರಿಯಲ್ಲಿ ಇಂಗ್ಲಿಷ್ ಅಕ್ಷರಗಳ ಫಾಂಟ್ ಕೂಡ ಇರುವುದರಿಂದ ಹತ್ತು ಸಾಲಿನ ಕೋಡಿನಲ್ಲಿ ಪರದೆಯ ಮೇಲೆ ಬರಹ ಮೂಡುತ್ತದೆ.

ಸಿಸಿ65ರ ದೊಡ್ಡ ಬಲೆಯೂ ಇಲ್ಲೇ ಇದೆ, ಕೈಪಿಡಿ ಓದದವರೆಲ್ಲ ಇದಕ್ಕೆ ಬೀಳುತ್ತಾರೆ. ಎನ್‌ಇಎಸ್‌ಗಾಗಿ ಅದು ಕೊಡುವ ಡಿಫಾಲ್ಟ್ ಕಾನ್ಫಿಗರೇಷನ್ (ಯಾವುದು ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂದು ಲಿಂಕರಿಗೆ ಹೇಳುವ ಕಡತ) ನಿಮ್ಮ ವೇರಿಯಬಲ್‌ಗಳನ್ನು ಯಂತ್ರದ 2 ಕೆಬಿಯಲ್ಲಿ ಇಡುವುದಿಲ್ಲ. ಆ ಜಾಗವನ್ನು ಪರದೆಗೆ ಬರೆಯುವ ಬಫರಿಗೂ ಸಿ ಸ್ಟ್ಯಾಕಿಗೂ (ಫಂಕ್ಷನ್ನುಗಳ ತಾತ್ಕಾಲಿಕ ಬೆಲೆಗಳ ಜಾಗ) ಹಂಚಿ, ನಿಮ್ಮ ಡೇಟಾವನ್ನು ಹೆಕ್ಸ್ (16ರ ಲೆಕ್ಕದ) 6000ನೇ ವಿಳಾಸದಿಂದ ಶುರುವಾಗುವ ಹೆಚ್ಚುವರಿ 8 ಕೆಬಿ ರ್‍ಯಾಮಿನಲ್ಲಿ ಇಡುತ್ತದೆ. ಆ ರ್‍ಯಾಮ್ ಯಂತ್ರದ್ದಲ್ಲ, ಕ್ಯಾಸೆಟ್ಟಿನೊಳಗೆ ಇರಬೇಕಾದದ್ದು. ಎಮ್ಯುಲೇಟರ್ ಅದನ್ನು ಕೇಳದೆಯೇ ಒದಗಿಸುತ್ತದೆ. ಸಾದಾ ಕ್ಯಾಸೆಟ್ ಬೋರ್ಡಿನಲ್ಲಿ ಅದು ಇರುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಆಟ ನಿಜವಾದ ಡಬ್ಬಿಯಲ್ಲಿ ಬರೀ ಬಣ್ಣದ ಪರದೆ ತೋರಿಸಿ ನಿಂತುಬಿಡುತ್ತದೆ.

ಪರಿಹಾರ ಕಷ್ಟವಿಲ್ಲ. ಆ ಕಾನ್ಫಿಗರೇಷನ್ ಕಡತವನ್ನು ನಿಮ್ಮ ಫೋಲ್ಡರಿಗೆ ನಕಲು ಮಾಡಿ, ರ್‍ಯಾಮ್ ಪ್ರದೇಶವನ್ನು ಹೆಕ್ಸ್ 0300ರಿಂದ 0500 ಗಾತ್ರಕ್ಕೆ ಬದಲಾಯಿಸಿ, ಸಿ ಸ್ಟ್ಯಾಕ್ 0800ರಿಂದ ಕೆಳಕ್ಕೆ ಇಳಿಯುವಂತೆ ಇಡಿ. ಆದರೆ ಕೋನಿಯೊದ ಬಫರ್ ಆಗ ಅಡ್ಡ ಬರುತ್ತದೆ, ಅದನ್ನು ಕೈಬಿಟ್ಟು ಶಿರು ಎಂಬ ಹೆಸರಿನ ಪ್ರೋಗ್ರಾಮರ್ ಬರೆದ ನೆಸ್‌ಲಿಬ್ ಬಳಸುವುದು ಎಲ್ಲ ರೀತಿಯಲ್ಲೂ ಮೇಲು. ನೆಸ್‌ಲಿಬ್ ಜೊತೆಗೆ ಬರುವ ಕಾನ್ಫಿಗರೇಷನ್ ಮತ್ತು ಸ್ಟಾರ್ಟಪ್ ಕೋಡ್ ಈ ಹಂಚಿಕೆಯನ್ನೇ ಮಾಡಿರುತ್ತವೆ. ಸ್ಪ್ರೈಟ್ (ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರ), ಬಣ್ಣ, ಕೀ ಓದುವುದು, ಸಂಗೀತ ಎಲ್ಲಕ್ಕೂ ಅಸೆಂಬ್ಲಿಯಲ್ಲಿ ಬರೆದ ಸಿದ್ಧ ಫಂಕ್ಷನ್‌ಗಳಿವೆ. ಕೋನಿಯೊದಲ್ಲಿ ಆಟ ಬರೆಯಲು ಹೊರಡಬೇಡಿ, ಅದು ಬರಹ ತೋರಿಸಲಿಕ್ಕೆ ಮಾತ್ರ.

2,048 ಬೈಟುಗಳ ಲೆಕ್ಕ ಹೀಗೆ: ಮೊದಲ 256 ಝೀರೋ ಪೇಜ್ (ಪ್ರೊಸೆಸರ್ ಬೇಗ ಮುಟ್ಟುವ ಜಾಗ), ಮುಂದಿನ 256 ಪ್ರೊಸೆಸರಿನ ಸ್ವಂತ ಸ್ಟ್ಯಾಕ್, ಅದರ ಮುಂದಿನ 256 ಸ್ಪ್ರೈಟ್ ಪಟ್ಟಿ. ಉಳಿದದ್ದು 1,280. ಅದರಲ್ಲೇ ಸಿ ಸ್ಟ್ಯಾಕೂ ಸಂಗೀತದ ವೇರಿಯಬಲ್‌ಗಳೂ ನಿಮ್ಮ ಆಟವೂ ಹಿಡಿಯಬೇಕು. ವೇರಿಯಬಲ್‌ಗಳು ಕೆಳಗಿನಿಂದ ಮೇಲಕ್ಕೆ, ಸ್ಟ್ಯಾಕ್ ಮೇಲಿನಿಂದ ಕೆಳಕ್ಕೆ ಬೆಳೆಯುತ್ತವೆ. ಎರಡೂ ಡಿಕ್ಕಿ ಹೊಡೆದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಶತ್ರುವಿನ ಜಾಗ ಇದ್ದಕ್ಕಿದ್ದಂತೆ ಬದಲಾಗುವಂಥ ವಿಚಿತ್ರಗಳು ಕಾಣುತ್ತವೆ. ಲಿಂಕರಿನಿಂದ ಮ್ಯಾಪ್ ಕಡತ ಬರೆಸಿಕೊಂಡು ವೇರಿಯಬಲ್‌ಗಳಿರುವ ಬಿಎಸ್‌ಎಸ್ ಸೆಗ್ಮೆಂಟ್ ಎಲ್ಲಿ ಮುಗಿಯುತ್ತದೆ ಎಂದು ಪ್ರತಿ ವಾರ ನೋಡುವ ಅಭ್ಯಾಸ ಒಳ್ಳೆಯದು.

ಈಗ ವೇಗದ ಮಾತು. ಸಿಸಿ65 ಹುಟ್ಟಿಸುವ ಕೋಡ್ ನಿಧಾನ ಎಂಬ ದೂರು ಹಳೆಯದು, ಅರ್ಧ ನಿಜ. 6502ನಲ್ಲಿ ಸಿ ಭಾಷೆಗೆ ಬೇಕಾದ ಸ್ಟ್ಯಾಕ್ ಇಲ್ಲ, ಆದ್ದರಿಂದ ಕಂಪೈಲರ್ ಅದನ್ನು ತಂತ್ರಾಂಶದಲ್ಲಿ ನಟಿಸಬೇಕು. ಫಂಕ್ಷನ್ನಿನೊಳಗೆ ಘೋಷಿಸಿದ ಒಂದು ಬೈಟಿನ ಲೋಕಲ್ ವೇರಿಯಬಲ್ ಓದಲು ಮೊದಲು ವೈ ರಿಜಿಸ್ಟರಿಗೆ (ಪ್ರೊಸೆಸರಿನೊಳಗಿನ ಒಂದು ಬೈಟಿನ ಜಾಗ) ಅಂಕಿ ತುಂಬಬೇಕು, ಆಮೇಲೆ ಪಾಯಿಂಟರ್ ಮೂಲಕ ಓದಬೇಕು: 2 ಮತ್ತು 5, ಒಟ್ಟು 7 ಸೈಕಲ್ (ಪ್ರೊಸೆಸರಿನ ಗಡಿಯಾರದ ಒಂದು ಮಿಡಿತ ಒಂದು ಸೈಕಲ್). ಅದೇ ವೇರಿಯಬಲ್ ಝೀರೋ ಪೇಜಿನಲ್ಲಿ ಗ್ಲೋಬಲ್ ಆಗಿದ್ದರೆ 3, ಸಾದಾ ರ್‍ಯಾಮಿನಲ್ಲಿದ್ದರೆ 4. ಇಂಟ್ ಎಂದು ಬರೆದರೆ ಎಲ್ಲ ಕೆಲಸವೂ ಎರಡೆರಡು ಸಲ, ಏಕೆಂದರೆ ಇಲ್ಲಿ ಇಂಟ್ 16 ಬಿಟ್, ಯಂತ್ರ 8 ಬಿಟ್. ಫ್ಲೋಟ್ ಅಂತೂ ಇಲ್ಲವೇ ಇಲ್ಲ.

ಇದಕ್ಕೆ ಮದ್ದು ಗೊತ್ತಿರುವಂಥದ್ದೇ. ಲೋಕಲ್‌ಗಳನ್ನು ಸ್ಟ್ಯಾಟಿಕ್ ಆಗಿಸುವ ಸಿಎಲ್ ಆಯ್ಕೆಯನ್ನೂ ಓಐಆರ್‌ಎಸ್ ಆಪ್ಟಿಮೈಸೇಷನ್ನನ್ನೂ ಯಾವಾಗಲೂ ಕೊಡಿ; ಮೊದಲನೆಯದು ಕೊಟ್ಟಮೇಲೆ ತನ್ನನ್ನೇ ಕರೆಯುವ ಫಂಕ್ಷನ್ ಬರೆಯಬಾರದು ಅಷ್ಟೇ. ಎಣಿಕೆಗೆಲ್ಲ ಅನ್‌ಸೈನ್ಡ್ ಚಾರ್. ಹೆಚ್ಚು ಮುಟ್ಟುವ ವೇರಿಯಬಲ್‌ಗಳನ್ನು ಪ್ರಾಗ್ಮಾ (ಕಂಪೈಲರಿಗೆ ಕೊಡುವ ಸೂಚನೆಯ ಸಾಲು) ಮೂಲಕ ಝೀರೋ ಪೇಜಿಗೆ ಕಳುಹಿಸಿ. ಅಲ್ಲಿ ಸಿಸಿ65ರ ಸ್ವಂತ ರನ್‌ಟೈಮ್ ಹಿಡಿಯುವುದು ಸುಮಾರು 26 ಬೈಟು, ನೆಸ್‌ಲಿಬ್ ಇನ್ನಷ್ಟು ಹಿಡಿದರೂ ನಿಮಗೆ ಧಾರಾಳ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಲಾಭ ಕೊಡುವ ಬದಲಾವಣೆ ಸ್ಟ್ರಕ್ಟಿನದ್ದು. ಪುಸ್ತಕದ ಸಿ ಕಲಿತವರು ಶತ್ರು ಎಂಬ ಸ್ಟ್ರಕ್ಟ್ ಮಾಡಿ, ಅದರಲ್ಲಿ ಎಕ್ಸ್, ವೈ, ವೇಗ, ಜೀವ ಎಲ್ಲ ಇಟ್ಟು, ಹತ್ತು ಶತ್ರುಗಳ ಅರೇ ಮಾಡುತ್ತಾರೆ. ಸ್ಟ್ರಕ್ಟ್ 6 ಬೈಟಿನದಾದರೆ ಇಂಡೆಕ್ಸ್ 5ರ ಶತ್ರುವಿನ ಎಕ್ಸ್ ಹುಡುಕಲು ಐದನ್ನು ಆರರಿಂದ ಗುಣಿಸಬೇಕು. 6502ಗೆ ಗುಣಾಕಾರದ ಆದೇಶವೇ ಇಲ್ಲ, ಅದು ಶಿಫ್ಟು, ಕೂಡುವಿಕೆ, ಪಾಯಿಂಟರ್ ಲೆಕ್ಕವಾಗಿ ಪ್ರತಿ ಸಲವೂ ಹತ್ತಾರು ಸೈಕಲ್ ತಿನ್ನುತ್ತದೆ. ಬದಲಿಗೆ ಎಲ್ಲ ಶತ್ರುಗಳ ಎಕ್ಸ್‌ಗೆ ಒಂದು ಅರೇ, ವೈಗೆ ಇನ್ನೊಂದು, ವೇಗಕ್ಕೆ ಮತ್ತೊಂದು ಎಂದು ಬಿಡಿಸಿ ಇಡಿ. ಆಗ ಇಂಡೆಕ್ಸ್ ನೇರವಾಗಿ ರಿಜಿಸ್ಟರಿಗೆ ಹೋಗಿ, 4 ಸೈಕಲ್ಲಿನ ಒಂದು ಆದೇಶದಲ್ಲಿ ಬೆಲೆ ಬರುತ್ತದೆ. ಇದೊಂದನ್ನು ಮಾಡಿದರೆ ನಿಧಾನ ಎಂಬ ದೂರಿನ ಮುಕ್ಕಾಲು ಪಾಲು ಹೋಗುತ್ತದೆ. ನಂಬಿಕೆ ಬರದಿದ್ದರೆ ಆ್ಯಡ್-ಸೋರ್ಸ್ ಆಯ್ಕೆ ಕೊಟ್ಟು ಅಸೆಂಬ್ಲಿ ಕಡತ ಬರೆಸಿ: ನಿಮ್ಮ ಸಿ ಸಾಲುಗಳು ಕಾಮೆಂಟಾಗಿ, ಅದರ ಕೆಳಗೇ ಹುಟ್ಟಿದ ಆದೇಶಗಳು ಸಾಲಾಗಿ ಕಾಣುತ್ತವೆ. ಪಾಠ ಮಾಡುವವರಿಗೆ ಸಿಸಿ65ರ ಅತ್ಯುತ್ತಮ ಗುಣ ಇದೇ. ಏನು ಬರೆದರೆ ಏನು ಹುಟ್ಟುತ್ತದೆ ಎಂಬುದನ್ನು ಅದು ಮರೆಮಾಚುವುದಿಲ್ಲ.

ನಮ್ಮ ಕಡೆಯ ಡಬ್ಬಿಗಳಿಗೆ ಬರೆಯುವವರು ತಿಳಿದಿರಲೇಬೇಕಾದ ಇನ್ನೊಂದು ವಿಷಯ ಟೈಮಿಂಗ್. ಚಿತ್ರದ ಮೆಮೊರಿಗೆ ಬರೆಯಲು ಅವಕಾಶ ಸಿಗುವುದು ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ವಿಬ್ಲ್ಯಾಂಕ್ ಸಮಯದಲ್ಲಿ ಮಾತ್ರ. ಹೊತ್ತು ಮೀರಿ ಬರೆದರೆ ಪರದೆ ಚೆಲ್ಲಾಪಿಲ್ಲಿ. ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಪದ್ಧತಿಯ ಯಂತ್ರದಲ್ಲಿ ಈ ಅವಧಿ 20 ಗೆರೆ, ಅಂದರೆ ಸುಮಾರು 2,273 ಸೈಕಲ್. ಯುರೋಪಿನ ಪಾಲ್ ಯಂತ್ರದಲ್ಲಿ 70 ಗೆರೆ, ಸುಮಾರು 7,459 ಸೈಕಲ್. ಭಾರತದ ಟಿವಿ ಪಾಲ್ ಆದ್ದರಿಂದ ನಮ್ಮ ಡಬ್ಬಿಯೂ ಪಾಲ್ ತಾನೇ ಎಂದು ಎಮ್ಯುಲೇಟರನ್ನು ಪಾಲ್‌ಗೆ ತಿರುಗಿಸಿ ಪರೀಕ್ಷಿಸಿದರೆ ಮೋಸ ಹೋಗುತ್ತೀರಿ. ಪಾಲ್ ದೇಶಗಳಿಗಾಗಿ ಮಾಡಿದ ನಕಲು ಯಂತ್ರಗಳಲ್ಲಿ ಬಹಳಷ್ಟು ಮೂರನೆಯ ಜಾತಿಯವು, ಎಮ್ಯುಲೇಟರುಗಳು ಅದನ್ನು ಡೆಂಡಿ ಎಂದು ಕರೆಯುತ್ತವೆ. ಅದರಲ್ಲಿ ಸೆಕೆಂಡಿಗೆ 50 ಚಿತ್ರ, ಪ್ರತಿ ಚಿತ್ರಕ್ಕೆ 312 ಗೆರೆ, ಇದೆಲ್ಲ ಪಾಲ್‌ನಂತೆಯೇ. ಆದರೆ ವಿಬ್ಲ್ಯಾಂಕ್ ಮಾತ್ರ 20 ಗೆರೆ, ಎನ್‌ಟಿಎಸ್‌ಸಿಯಂತೆ. ಉಳಿದ 51 ಗೆರೆಗಳ ಕಾಲ ವಿಬ್ಲ್ಯಾಂಕಿಗೆ ಮೊದಲೇ ಸುಮ್ಮನೆ ಕಳೆಯುತ್ತದೆ. ಒಂದು ಚಿತ್ರಕ್ಕೆ ಒಟ್ಟು 35,464 ಸೈಕಲ್ ಸಿಗುವುದರಿಂದ ಆಟದ ತರ್ಕಕ್ಕೆ ಮೂರೂ ಜಾತಿಗಳಲ್ಲಿ ಅತಿ ಹೆಚ್ಚು ಸಮಯ, ಆದರೆ ಚಿತ್ರ ಬದಲಿಸಲು ಎನ್‌ಟಿಎಸ್‌ಸಿಯಷ್ಟೇ ಕಡಿಮೆ. ಮೆಸೆನ್ ಎಂಬ ಎಮ್ಯುಲೇಟರ್ ಮತ್ತು ಎಫ್‌ಸಿಇಯುಎಕ್ಸ್ ಎರಡರಲ್ಲೂ ಡೆಂಡಿ ಆಯ್ಕೆ ಇದೆ, ಅದನ್ನೇ ಹಾಕಿ ಪರೀಕ್ಷಿಸಿ. ನೆಸ್‌ಲಿಬ್ ಯಂತ್ರದ ಜಾತಿ ಪತ್ತೆ ಹಚ್ಚುವಾಗ ಎನ್‌ಟಿಎಸ್‌ಸಿ ಹೌದೋ ಅಲ್ಲವೋ ಎಂಬುದನ್ನಷ್ಟೇ ನೋಡುತ್ತದೆ, ಆದ್ದರಿಂದ ಡೆಂಡಿಯೂ ಅದಕ್ಕೆ ಪಾಲ್. ಸಂಗೀತದ ವೇಗಕ್ಕೆ ಆ ಉತ್ತರ ಸರಿ, ವಿಬ್ಲ್ಯಾಂಕ್ ಲೆಕ್ಕಕ್ಕೆ ತಪ್ಪು. ಸಂಗೀತದ ಬಗ್ಗೆ ಹೇಳುವಾಗ ಇನ್ನೊಂದು: ಹಲವು ನಕಲು ಚಿಪ್ಪುಗಳಲ್ಲಿ ಪಲ್ಸ್ ಚಾನೆಲಿನ 25 ಮತ್ತು 50 ಶೇಕಡಾ ಡ್ಯೂಟಿಗಳು (ಧ್ವನಿ ಅಲೆಯ ಆಕಾರ ನಿರ್ಧರಿಸುವ ಪ್ರಮಾಣ) ಅದಲುಬದಲಾಗಿರುತ್ತವೆ. ಸ್ವರದ ಬಣ್ಣ ಬೇರೆಯಾಗಿ ಕೇಳಿದರೆ ನಿಮ್ಮ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂರಬೇಡಿ.

ಈ ಲೆಕ್ಕ ನಿಜವಾಗಿ ಕಚ್ಚುವುದು ಪರದೆಯ ಮೇಲೆ ಕನ್ನಡ ತರಲು ಹೊರಟಾಗ. ಈ ಯಂತ್ರದ ಫಾಂಟ್ ಎಂದರೆ 8 ಅಡ್ಡ 8 ಚುಕ್ಕೆಗಳ ಟೈಲ್, ಹಿನ್ನೆಲೆಗೆ ಒಟ್ಟು 256 ಟೈಲ್. ಇಂಗ್ಲಿಷಿಗೆ ಅದು ಸಾಕು. ಕನ್ನಡದ ತಲೆಕಟ್ಟು, ಗುಣಿತ, ಒತ್ತು ಸೇರಿ ಓದಲಾಗುವಂತೆ ಕೂರಲು ಕನಿಷ್ಠ 16 ಚುಕ್ಕೆ ಎತ್ತರ ಬೇಕು. 16 ಅಡ್ಡ 16ರ ಒಂದು ಚೌಕಕ್ಕೆ ನಾಲ್ಕು ಟೈಲ್, ಒಟ್ಟಾರೆ 64 ಚೌಕ. ಒಂದು ಅನುಕೂಲವೂ ಇದೆ: ಈ ಯಂತ್ರ ಬಣ್ಣದ ಗುಂಪನ್ನು ಆರಿಸುವುದು 16 ಅಡ್ಡ 16ರ ಚೌಕಕ್ಕೊಂದರಂತೆ, ಹಾಗಾಗಿ ಪ್ರತಿ ಚೌಕಕ್ಕೂ ಬೇರೆ ಬಣ್ಣ ಕೊಡಬಹುದು. ಒತ್ತಿಗೆ ಇನ್ನೊಂದು ಸಾಲು ಟೈಲ್ ಕೊಟ್ಟು ಎತ್ತರವನ್ನು 24 ಮಾಡಿದರೆ ಈ ಹೊಂದಾಣಿಕೆ ಕಳೆದುಹೋಗುತ್ತದೆ. 16ರಲ್ಲೇ ಮೂಲಾಕ್ಷರಕ್ಕೆ 10, ಒತ್ತಿಗೆ 6 ಎಂದು ಹಂಚಿ ಕೈಯಿಂದ ಬಿಡಿಸುವುದು ಲೇಸು.

ಅಕ್ಷರಕ್ಕೊಂದು ಚೌಕ ಎಂಬ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ. ‘ಕೋ’ ಎಷ್ಟು ಅಗಲ, ‘ರ’ ಎಷ್ಟು ಅಗಲ! ಒಂದೇ ಅಳತೆಗೆ ಕೂರಿಸಿದರೆ ಬರಹ ಹಲ್ಲುಬಿದ್ದ ಬಾಯಿಯಂತೆ ಕಾಣುತ್ತದೆ. ಚೆನ್ನಾಗಿ ನಡೆಯುವ ದಾರಿ ಹೀಗಿದೆ. ಲ್ಯಾಪ್‌ಟಾಪಿನಲ್ಲಿ ಪೈಥಾನಿನ ಪಿಲ್ಲೋ ಲೈಬ್ರರಿ ಬಳಸಿ ಇಡೀ ಸಾಲನ್ನು 224 ಅಡ್ಡ 16 ಚುಕ್ಕೆಯ ಕಪ್ಪುಬಿಳುಪು ಚಿತ್ರವಾಗಿ ಬರೆಸಿ, ಅಂಚು ನಯಗೊಳಿಸುವುದು ಬೇಡ. ಪಿಲ್ಲೋ ಅಕ್ಷರ ಜೋಡಿಸಲು ರಾಖ್ಮ್ ಲೇಔಟ್ ಎಂಜಿನ್ ಬಳಸುತ್ತಿದೆಯೇ ನೋಡಿಕೊಳ್ಳಿ. ಬೇಸಿಕ್ ಲೇಔಟಿನಲ್ಲಿದ್ದರೆ ಒತ್ತಕ್ಷರಗಳು ಒಡೆದು, ಅರ್ಧಾಕ್ಷರ ಪಕ್ಕಕ್ಕೆ ಬಂದು ಕೂರುತ್ತವೆ. ಉಬುಂಟುವಿನಲ್ಲಿ ಸಿಗುವ ಗುಬ್ಬಿ, ನವಿಲು ಫಾಂಟುಗಳಿಂದ ಶುರುಮಾಡಿ, ಸಣ್ಣ ಅಳತೆಯಲ್ಲಿ ಮುಚ್ಚಿಹೋದ ಕಣ್ಣುಗಳನ್ನು ಕೈಯಿಂದ ಬಿಡಿಸಿ. ಆ ಸಾಲನ್ನು 14 ಚೌಕಗಳಾಗಿ ಕತ್ತರಿಸಿ ಸಿ ಅರೇಯಾಗಿ ಬರೆಸಿ. ಒಂದೇ ಬಣ್ಣದ ಬರಹವಾದ್ದರಿಂದ ಟೈಲಿನ 16 ಬೈಟುಗಳಲ್ಲಿ ಮೊದಲ 8 ಮಾತ್ರ ಉಳಿಸಿಕೊಂಡರೆ ಸಾಕು, ಇನ್ನೆಂಟು ಸೊನ್ನೆಯನ್ನು ಆಟ ಓಡುವಾಗ ತುಂಬಬಹುದು. ಹೀಗೆ ಒಂದು ಸಾಲಿಗೆ 448 ಬೈಟು. 16 ಕೆಬಿಯ ಒಂದು ಬ್ಯಾಂಕಿನಲ್ಲಿ (ಬೇಕಾದಾಗ ಪ್ರೊಸೆಸರಿನ ಕಣ್ಣಿಗೆ ತರಬಹುದಾದ ರಾಮ್ ತುಂಡು) 36 ಸಾಲು ಹಿಡಿಯುತ್ತದೆ.

ಇದನ್ನು ಪರದೆಗೆ ತರಲು ಕ್ಯಾಸೆಟ್ಟಿನಲ್ಲಿ ಚಿತ್ರಕ್ಕೆ ರಾಮ್ ಬದಲು ರ್‍ಯಾಮ್ ಇರಬೇಕು. ಯುಎನ್‌ರಾಮ್ ಎಂಬ ಕ್ಯಾಸೆಟ್ ಬೋರ್ಡಿನ ಮಾದರಿ ಹೇಳಿಮಾಡಿಸಿದಂತಿದೆ: 128 ಕೆಬಿ ಪ್ರೋಗ್ರಾಮ್ ರಾಮ್, 8 ಕೆಬಿ ಚಿತ್ರದ ರ್‍ಯಾಮ್, ಕೊನೆಯ 16 ಕೆಬಿ ಬ್ಯಾಂಕ್ ಯಾವಾಗಲೂ ಸ್ಥಿರ. ಒಂದು ಚೌಕಕ್ಕೆ 64 ಬೈಟು. ನೆಸ್‌ಲಿಬ್ ರೀತಿಯ ಲೂಪಿನಲ್ಲಿ ಬೈಟಿಗೆ 16 ಸೈಕಲ್ ಹಿಡಿದರೆ 1,024. ಸ್ಪ್ರೈಟ್ ಪಟ್ಟಿ ಕಳುಹಿಸಲು ಸುಮಾರು 513. ಎರಡೂ ಸೇರಿ 1,537, ಡೆಂಡಿಯ 2,273ರೊಳಗೆ ಆರಾಮ. ದುರಾಸೆಯಿಂದ ಒಂದು ಚಿತ್ರಕ್ಕೆ ಎರಡು ಚೌಕ ಕಳುಹಿಸಿದರೆ 2,561 ಆಗಿ ಮೀರುತ್ತದೆ. ಪಾಲ್ ಆಯ್ಕೆಯಲ್ಲಿ ಇದೇ ಕೋಡ್ ಸಲೀಸಾಗಿ ಓಡುವುದರಿಂದ ತಪ್ಪು ಕಾಣುವುದೇ ಇಲ್ಲ, ನಿಜವಾದ ಡಬ್ಬಿಗೆ ಹಾಕಿದಾಗ ಅಕ್ಷರಗಳ ತಳ ಹರಿದುಹೋಗಿರುತ್ತದೆ. ಒಂದೊಂದೇ ಚೌಕ ಕಳುಹಿಸಿದರೂ 14 ಚೌಕದ ಸಾಲು 14 ಚಿತ್ರದಲ್ಲಿ, ಅಂದರೆ 0.28 ಸೆಕೆಂಡಿನಲ್ಲಿ ಎಡದಿಂದ ಬಲಕ್ಕೆ ಮೂಡುತ್ತದೆ. ಓದುವವರಿಗೆ ಅದು ಹಿತವೇ. 14 ಚೌಕದ ಮೂರು ಸಾಲಿನ ಸಂಭಾಷಣೆ ಪೆಟ್ಟಿಗೆಗೆ 168 ಟೈಲ್ ಹೋಗುತ್ತದೆ, ಮನೆ ಮರ ಗುಡ್ಡಕ್ಕೆ 88 ಉಳಿಯುತ್ತದೆ. ಇಷ್ಟರಲ್ಲಿ ಒಂದು ಕನ್ನಡ ಕಥೆಯಾಟ ಖಂಡಿತ ಆಗುತ್ತದೆ.

ಬ್ಯಾಂಕ್ ಬದಲಿಸುವುದರಲ್ಲಿ ಸಿಸಿ65 ನಿಮ್ಮ ಕೈಹಿಡಿಯುವುದಿಲ್ಲ, ಇದು ಅದರ ನಿಜವಾದ ಕೊರತೆ. ಯಾವ ಫಂಕ್ಷನ್ ಯಾವ ಬ್ಯಾಂಕಿನಲ್ಲಿ ಎಂದು ಪ್ರಾಗ್ಮಾ ಹಾಕಿ ನೀವೇ ಹೇಳಬೇಕು, ಕರೆಯುವ ಮೊದಲು ನೀವೇ ಬದಲಿಸಬೇಕು, ಮರೆತರೆ ಆಟ ಎಲ್ಲೋ ಹಾರಿಹೋಗುತ್ತದೆ. ಕೋಡೆಲ್ಲ ಸ್ಥಿರ ಬ್ಯಾಂಕಿನಲ್ಲೇ ಇರಲಿ, ಬರಹ ಮತ್ತು ನಕ್ಷೆಯಂಥ ಡೇಟಾ ಮಾತ್ರ ಬದಲಾಗುವ ಬ್ಯಾಂಕಿನಲ್ಲಿರಲಿ. ಇನ್ನೂ ಒಂದು ಸೂಕ್ಷ್ಮ: ಯುಎನ್‌ರಾಮ್‌ನಲ್ಲಿ ಬ್ಯಾಂಕ್ ಸಂಖ್ಯೆ ಬರೆಯುವ ವಿಳಾಸದಲ್ಲಿ ರಾಮ್‌ನೊಳಗೆ ಅದೇ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಪ್ರೊಸೆಸರ್ ಒಂದು ಬೆಲೆ ಹೇಳುತ್ತದೆ, ರಾಮ್ ಚಿಪ್ ಇನ್ನೊಂದು ಹೇಳುತ್ತದೆ, ಬಸ್ಸಿನ ಮೇಲೆ ಎರಡೂ ಜಗಳಾಡುತ್ತವೆ. 0ರಿಂದ 7ರವರೆಗಿನ ಸಂಖ್ಯೆಗಳ ಪಟ್ಟಿಯೊಂದನ್ನು ಸ್ಥಿರ ಬ್ಯಾಂಕಿನಲ್ಲಿಟ್ಟು ಅದರ ಮೇಲೆಯೇ ಬರೆಯುವುದು ರೂಢಿ.

ಆಟ 32 ಕೆಬಿ ದಾಟಿ ಬೆಳೆದು, ಶತ್ರುಗಳ ಸಂಖ್ಯೆ ಹೆಚ್ಚಿ, ಸಿಸಿ65 ಉಸಿರುಗಟ್ಟಿದರೆ ಎಲ್‌ಎಲ್‌ವಿಎಂ-ಮಾಸ್ ಎಂಬ ಇನ್ನೊಂದು ಕಂಪೈಲರಿನ ಕಡೆ ಹೋಗಿ. ಅದು ಕ್ಲ್ಯಾಂಗ್ ಆಧಾರಿತ, ಸಿ++ ಕೂಡ ಒಪ್ಪುತ್ತದೆ. ತನ್ನನ್ನೇ ಕರೆಯದ ಫಂಕ್ಷನ್‌ಗಳನ್ನು ತಾನೇ ಗುರುತಿಸಿ ಅವುಗಳ ಲೋಕಲ್‌ಗಳನ್ನು ಸ್ಟ್ಯಾಟಿಕ್ ಮಾಡುತ್ತದೆ, ಝೀರೋ ಪೇಜನ್ನು ರಿಜಿಸ್ಟರುಗಳಂತೆ ಬಳಸುತ್ತದೆ, ಹೆಚ್ಚಿನ ಸಂದರ್ಭಗಳಲ್ಲಿ ವೇಗವಾದ ಕೋಡ್ ಕೊಡುತ್ತದೆ. ಯುಎನ್‌ರಾಮ್, ಎಂಎಂಸಿ1, ಎಂಎಂಸಿ3 ಕ್ಯಾಸೆಟ್ ಮಾದರಿಗಳಿಗೆ ಸಿದ್ಧ ಗುರಿಗಳೂ ಬ್ಯಾಂಕ್ ಬದಲಿಸುವ ಫಂಕ್ಷನ್‌ಗಳೂ ಇವೆ. ಆದರೆ ಇಳಿಸಿಕೊಳ್ಳುವ ಗಾತ್ರ ಎಷ್ಟೋ ಪಟ್ಟು ದೊಡ್ಡದು, ಹುಟ್ಟುವ ಅಸೆಂಬ್ಲಿ ಹೊಸಬರಿಗೆ ಓದಲು ಕಷ್ಟ. ಶಾಲೆಯ ಕ್ಲಬ್ಬಿಗೆ ಸಿಸಿ65, ಗಂಭೀರ ಆಟಕ್ಕೆ ಎಲ್‌ಎಲ್‌ವಿಎಂ-ಮಾಸ್ ಎಂದು ಹಂಚಿಕೊಂಡರೆ ಸರಿ. ಯಾರಲ್ಲಾದರೂ ಸೆಗಾ ಮೆಗಾ ಡ್ರೈವ್ ಇದ್ದರೆ ಅದಕ್ಕೆ ಸಿ ಬರೆಯುವ ಸಾಧನವಾದ ಎಸ್‌ಜಿಡಿಕೆ ನೋಡಬಹುದು. 68000 ಪ್ರೊಸೆಸರಿಗೆ ಸಿ ಒಗ್ಗುತ್ತದೆ, 64 ಕೆಬಿ ರ್‍ಯಾಮ್ ಇದೆ, ಇಲ್ಲಿನ ಕಸರತ್ತುಗಳಲ್ಲಿ ಅರ್ಧ ಬೇಕಾಗುವುದಿಲ್ಲ.

ನಿಜವಾದ ಡಬ್ಬಿಯಲ್ಲಿ ಪರೀಕ್ಷಿಸಲು ಅಂಗಡಿಯ ಹಳೆಯ ಕ್ಯಾಸೆಟ್ ಬಿಚ್ಚಿ ಪ್ರಯೋಜನವಿಲ್ಲ, ಬಹುತೇಕ ಅಗ್ಗದ ಕ್ಯಾಸೆಟ್ಟುಗಳಲ್ಲಿ ಚಿಪ್ ಕರಿಯ ಎಪಾಕ್ಸಿ ಮುದ್ದೆಯ ಕೆಳಗೆ ಹುದುಗಿರುತ್ತದೆ. ನಿಮ್ಮ ಕಡತವನ್ನು ಮೆಮೊರಿ ಕಾರ್ಡಿನಿಂದ ಓಡಿಸುವ ಫ್ಲ್ಯಾಷ್ ಕಾರ್ಟ್ ತರಿಸುವುದು ನೇರ ದಾರಿ. ಆರ್ಡರ್ ಮಾಡುವ ಮೊದಲು ಪಿನ್ ಎಣಿಸಿ: ನಮ್ಮ ಕಡೆಯ ಡಬ್ಬಿಗಳಿಗೆ ಸಾಮಾನ್ಯವಾಗಿ ಫ್ಯಾಮಿಕಾಮ್‌ನ 60 ಪಿನ್ ಕ್ಯಾಸೆಟ್, ಅಮೆರಿಕ ಮತ್ತು ಯುರೋಪಿನ ಎನ್‌ಇಎಸ್‌ಗೆ 72 ಪಿನ್. ಎವರ್‌ಡ್ರೈವ್ ಎನ್8 ಎಂಬ ಫ್ಲ್ಯಾಷ್ ಕಾರ್ಟ್ ಎರಡು ಮಾದರಿಯಲ್ಲೂ ಬರುತ್ತದೆ, ತಪ್ಪು ಮಾದರಿ ತರಿಸಿದರೆ ಅಡಾಪ್ಟರ್ ಹುಡುಕಬೇಕಾಗುತ್ತದೆ. ಕ್ಯಾಸೆಟ್ ಇಲ್ಲದೆ, ಆಟಗಳು ಒಳಗೇ ತುಂಬಿದ ಹೊಸ ಡಬ್ಬಿಗಳಲ್ಲಿ ಮೇಲೆ ಸ್ಲಾಟ್ ಇದೆಯೇ ಎಂದೂ ನೋಡಿ, ಇಲ್ಲದಿದ್ದರೆ ಅದರಲ್ಲಿ ನಿಮ್ಮ ಆಟ ಓಡಿಸಲಾಗದು. ಮಳೆಗಾಲದ ತೇವಕ್ಕೆ ಸ್ಲಾಟಿನ ಪಿನ್ನುಗಳು ಬೇಗ ಕಪ್ಪಾಗುತ್ತವೆ. ಪರೀಕ್ಷೆಗೆ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ, ಗೊತ್ತಿರುವ ಹಳೆಯ ಆಟವೊಂದು ಸರಿಯಾಗಿ ಓಡುತ್ತದೆಯೇ ನೋಡಿಕೊಂಡು ಆಮೇಲೆ ನಿಮ್ಮದನ್ನು ಹಾಕಿ. ಬರಹವನ್ನು ಮೇಲಿನ ಮತ್ತು ಕೆಳಗಿನ ಎರಡೆರಡು ಟೈಲ್ ಸಾಲುಗಳಿಂದ ದೂರ ಇಡಿ, ಹಳೆಯ ಟಿವಿಗಳು ಆ ಅಂಚನ್ನು ನುಂಗಿಹಾಕುತ್ತವೆ.